ಹತ್ತೊಂಬತ್ತು ಗಂಟು

ಚಿಕ್ಕಪಡಸಲಗಿಯ ಹಣಮವ್ವ ಕೀಲು ಕೂಡಿಸುವುದನ್ನು ಮೊದಲ ಸಲ ನೋಡಿದವರಿಗೆ ಅದು ವೈದ್ಯವೆಂದು ಅನ್ನಿಸುತ್ತಿರಲಿಲ್ಲ. ಮುದುಕಿ ಹರಟೆಗೆ ಕೂತಿದ್ದಾಳೆ ಅನ್ನಿಸುತ್ತಿತ್ತು. ರಟ್ಟೆಯ ಕೀಲು ತಪ್ಪಿಸಿಕೊಂಡು ಒದ್ದಾಡುತ್ತ ಬಂದವನನ್ನು ಕಂಬಳಿಯ ಮೇಲೆ ಅಂಗಾತ ಮಲಗಿಸುವಳು. ಅವನ ಮಣಿಕಟ್ಟು ಹಿಡಿದು ತೋಳನ್ನು ಇಷ್ಟಿಷ್ಟೇ ಹೊರಗೆ ಸರಿಸುತ್ತ, "ರಾತ್ರಿ ಏನ ಉಂಡೀಪಾ?" ಎಂದು ಕೇಳುವಳು. ಅವನು ಹಲ್ಲು ಕಚ್ಚಿಕೊಂಡೇ, "ರೊಟ್ಟಿ, ಬದನಿಕಾಯಿ..." ಎನ್ನುವಷ್ಟರಲ್ಲಿ ಒಳಗೆಲ್ಲೋ ಟಕ್ಕೆನ್ನುತ್ತಿತ್ತು. "ಬದನಿಕಾಯಿಗೆ ಶೇಂಗಾಪುಡಿ ಹಾಕಿದ್ರೋ ಇಲ್ಲೋ?" ಎಂದು ಅವಳು ಕೇಳುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಉತ್ತರ ಕೇಳುವ ಆಸೆ ಅವಳಿಗೆ ಎಂದೂ ಇರಲಿಲ್ಲ.

ಈ ವಿದ್ಯೆ ಅವಳಿಗೆ ತವರಿನಿಂದ ಬಂದದ್ದಲ್ಲ, ಮಾವ ಮಲಕಾಜಪ್ಪನಿಂದ ಬಂದದ್ದು. ಮೊದಲು ಕುರಿಮರಿಗಳ ಕಾಲು, ಆಮೇಲೆ ಕುರಿ ಕಾಯುವವರ ಕಾಲು, ಆಮೇಲೆ ಊರವರದು. ಸಾಯುವ ಮುಂಚೆ ಅವನು ತನ್ನ ಎರಡೂ ಕೈಗಳನ್ನು ಸೊಸೆಯ ಕೈಮೇಲಿಟ್ಟು ಮೂರು ಕಟ್ಟಳೆ ಹೇಳಿದ್ದ. ಯಾರಿಂದಲೂ ಏನೂ ತೆಗೆದುಕೊಳ್ಳಬೇಡ. ಬಂದವನು ಹಗೆಯಾದರೂ ಇಲ್ಲ ಎನ್ನಬೇಡ. ಎಷ್ಟು ಕೂಡಿಸಿದೆ ಎಂದು ಬಾಯಿಬಿಟ್ಟು ಎಣಿಸಿ ಹೇಳಬೇಡ. ಹೇಳಿದ ದಿನ ಕೈಗುಣ ಇಳಿದು ಹೋಗುತ್ತದೆ. ಮೂರನೆಯದನ್ನು ಕುರಿಯವರ ಮನೆಯವಳಿಗೆ ಕಲಿಸಬೇಕಾದ್ದೇ ಇರಲಿಲ್ಲ. ಅಲ್ಲಿ ಕುರಿಗಳನ್ನೇ ಯಾರೂ ಎಣಿಸಿ ಹೇಳುವುದಿಲ್ಲ. ಹೆಂಡತಿ ಶೇವಂತಿಯನ್ನು ಕಟ್ಟಿಕೊಂಡು ಹಿಂಡಿನ ಸಂಗಡ ದೂರದ ಹೊಲಗಳಿಗೆ ಹೋಗಿರುವ ಮಗ ಲಗಮಣ್ಣ ಫೋನ್ ಮಾಡಿದಾಗ, "ಎಲ್ಲಾ ಬಂದಾವೇನೋ?" ಎಂದು ಇವಳು ಕೇಳಬೇಕು, "ಎಲ್ಲಾ ಬಂದಾವಬೇ" ಎಂದು ಅವನು ಹೇಳಬೇಕು. ಎಷ್ಟು ಎಂದು ಕೇಳಿದವರು ಹೊರಗಿನವರೆಂದೇ ಅರ್ಥ.

ಆದರೆ ಬಾಯಿ ಹೇಳಬಾರದ್ದನ್ನು ಕೈಯಾದರೂ ನೆನಪಿಡಬೇಕಲ್ಲ. ಅದಕ್ಕೆ ದಾರವಿತ್ತು. ಬಂದವರ ಹೆಸರಿನಲ್ಲಿ ಕರಿ ಉಣ್ಣೆಯ ಒಂದು ಎಳೆ ನೂತು, ಒಂದು ಗಂಟು ಹಾಕಿ, ಜಂತಿಯ ಗೂಟಕ್ಕೆ ತೂಗುಹಾಕುವಳು. ತಿಂಗಳೊಪ್ಪತ್ತಿನಲ್ಲಿ ಅವರು ಬಂದು ಕೈ ನೆಟ್ಟಗಾಯಿತು ಎಂದರೆ, ಆ ದಾರವನ್ನು ಬ್ಯಾರೇಜಿನ ಮೇಲಿಂದ ಕೃಷ್ಣೆಗೆ ಬಿಟ್ಟು ಬರುವಳು. ಒಬ್ಬರಿಗೆ ಒಂದು ಎಳೆ, ಒಂದು ಗಂಟು, ಒಂದು ಹೊಳೆ. ಲೆಕ್ಕ ಚೊಕ್ಕ.

ಗೂಟದಲ್ಲೇ ಉಳಿದ ದಾರ ಒಂದೇ ಒಂದು. ಅದು ಮೊಮ್ಮಗಳು ಮಾಲಾನದು.

ಲಗಮಣ್ಣನ ಮಗಳು ಮಾಲಾ ಅಜ್ಜಿಯ ಹತ್ತಿರವೇ ಬೆಳೆದ ಹುಡುಗಿ. ಮೊದಲ ಗಂಟು ಬಿದ್ದದ್ದು ಹದಿನೈದನೆಯ ವಯಸ್ಸಿನಲ್ಲಿ, ಸಾಲೆಯ ಕಬಡ್ಡಿಯಲ್ಲಿ ನಾಲ್ಕು ಹುಡುಗಿಯರು ಬಲಗೈ ಹಿಡಿದು ಜಗ್ಗಿದಾಗ. ಹಣಮವ್ವ ಒಂದು ಮಾತಿನಲ್ಲಿ ಕೂಡಿಸಿದಳು. ಮರುದಿನ ಹುಡುಗಿ ಮತ್ತೆ ಆಟಕ್ಕೆ ಹೋದಳು. ಊರೆಲ್ಲ ಹೊಗಳಿತು. ಎರಡನೆಯದು ಮುಧೋಳದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ, ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ. ಆಮೇಲೆ ಕೊಡ ಎತ್ತಿದ್ದಕ್ಕೆ, ಕೂದಲು ಹಿಂದಕ್ಕೆ ಕಟ್ಟಿದ್ದಕ್ಕೆ. ಕೊನೆಕೊನೆಗೆ ನಿದ್ದೆಯಲ್ಲಿ ಕೈ ತಲೆಯ ಕೆಳಗೆ ಹೋದದ್ದಕ್ಕೂ ತಪ್ಪತೊಡಗಿತು. ಪ್ರತಿ ಸಲವೂ ಹಣಮವ್ವ ಕೂಡಿಸಿದಳು, ಪ್ರತಿ ಸಲವೂ ನೋವಿಲ್ಲದೆ, ಮೊದಲಿಗಿಂತ ಸಲೀಸಾಗಿ. ಸಲೀಸಾಗುತ್ತಿದೆ ಎಂದು ಅವಳು ಹೆಮ್ಮೆಪಟ್ಟಳೇ ಹೊರತು, ಯಾಕೆ ಸಲೀಸಾಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಜಾಣರ ತಪ್ಪು ಇಂಥದ್ದೇ. ದಡ್ಡರಾಗಿದ್ದರೆ ಎರಡನೆಯ ಸಲಕ್ಕೇ ಹೆದರಿ ಆಸ್ಪತ್ರೆ ಕಾಣುತ್ತಿದ್ದರು.

ಮಾಲಾಗೆ ಈಗ ಇಪ್ಪತ್ಮೂರು. ಊರಿನ ಪಶುಸಖಿ. ಆಡು ಕುರಿಗಳಿಗೆ ಜಂತಿನ ಔಷಧ ಕುಡಿಸುವುದು, ಲಸಿಕೆಯ ದಿನ ಹೇಳುವುದು, ಮರಿ ಅಡ್ಡ ಬಂದರೆ ಕೈಹಾಕಿ ತಿರುಗಿಸುವುದು ಅವಳ ಕೆಲಸ. ಅಜ್ಜಿಯ ಕೈ ಮೊಮ್ಮಗಳಿಗೆ ಬಂದಿದೆ ಎಂದು ಮಂದಿ ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಹಣಮವ್ವ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದಳು.

ಕಾರ್ತಿಕದ ಒಂದು ಮುಂಜಾನೆ ನೆರೆಮನೆಯ ಕಾಮಣ್ಣನ ಕುರಿಗೆ ಮರಿ ಅಡ್ಡ ಬಂತು. ಮಾಲಾ ಮೊಣಕೈವರೆಗೆ ಕೈಹಾಕಿ ಮರಿಯ ಮುಂಗಾಲು ಹಿಡಿದಿದ್ದಳು. ಕುರಿ ಒಮ್ಮೆ ತಿಣುಕಿ ಹೊರಳಿತು. ಕುರಿಯ ಜತೆ ತೋಳೂ ಹೊರಳಿ ಕೀಲು ತಪ್ಪಿತು. ಕಾಮಣ್ಣ ಓಡಿ ಹಣಮವ್ವನನ್ನು ಕರೆತಂದ, ಅವಳು ಅಲ್ಲೇ ಹಟ್ಟಿಯ ನೆಲದ ಮೇಲೆ ಮಲಗಿಸಿ ಕೂಡಿಸಿದಳು. ಆದರೆ ಅಷ್ಟರಲ್ಲಿ ಒಳಗಿನ ಮರಿ ಸತ್ತಿತ್ತು.

ಮಾಲಾ ಅತ್ತಳು. ಹದಿನೆಂಟು ಸಲ ತಪ್ಪಿದಾಗಲೂ ಅಳದಿದ್ದವಳು.

"ಕೈ ಒಳಗ ಜೀವ ಮಿಡಕತಿತ್ತ ಆಯಿ," ಎಂದಳು. "ಬಿಟ್ಟೆ. ನಾನ ಬಿಟ್ಟೆ. ಇನ್ನ ಈ ಕೈ ಯಾರ ಹಟ್ಟಿಗೂ ಒಯ್ಯಾಂಗಿಲ್ಲ."

"ಹಂಗ ಅನಬ್ಯಾಡ ನಮ್ಮವ್ವಾ."

"ಹಂಗಾರ ದವಾಖಾನಿಗೆ ನಡಿ. ನೀ ಕೂಡಸ್ತಿ, ಅದ ತಪ್ಪತೈತಿ. ಎಷ್ಟ ದಿನಾ ಹಿಂಗ?"

ಹಣಮವ್ವ ಆ ದಿನ ದಾರಕ್ಕೆ ಹತ್ತೊಂಬತ್ತನೆಯ ಗಂಟು ಹಾಕಿದಳು. ತುದಿಯಲ್ಲಿ ಗೇಣುದ್ದ ಎಳೆ ಇನ್ನೂ ಉಳಿದಿತ್ತು. ಮುಂದಿನದಕ್ಕೆ ಇರಲಿ ಎಂದು ಪ್ರತಿ ಸಲವೂ ಅಷ್ಟು ನೂತು ಸೇರಿಸುವುದು ಅವಳ ರೂಢಿ. ಈ ಸಲ ಆ ತುದಿ ನೋಡಿ ಅವಳಿಗೆ ನಾಚಿಕೆಯಾಯಿತು.

ಅವರು ಹೋದ ಜಮಖಂಡಿಯ ದವಾಖಾನೆಯಲ್ಲಿ ಎಲುಬಿನ ಡಾಕ್ಟರು ರಾಹುಲ ಎನ್ನುವವನು. ಬನಹಟ್ಟಿಯ ನೇಕಾರರ ಮಗ, ನಲವತ್ತರೊಳಗಿನವನು. ತೆಳ್ಳಗಿನ ಬೆರಳು, ಸಣ್ಣ ದನಿ. ಆದರೆ ಅಂದು ಆ ಸಣ್ಣ ದನಿ ಹೊರಗಿನ ಬಾಕಿನವರೆಗೂ ಕೇಳಿಸುತ್ತಿತ್ತು. ಮುರಿದ ಮುಂಗೈಗೆ ಯಾರೋ ಬಿದಿರು ಪಟ್ಟಿ ಬಿಗಿದು ಕಟ್ಟಿ, ಬೆರಳೆಲ್ಲ ಕಪ್ಪಾದ ಮೇಲೆ ಒಬ್ಬ ರೈತನನ್ನು ಕರೆತಂದಿದ್ದರು. "ಯಾವ ಪುಣ್ಯಾತ್ಮ ಕಟ್ಟಿದ್ದ ಇದನ್ನ? ಅವನ್ನ ಕರಕೊಂಡ ಬರ್ರಿ. ಈ ಬೆರಳ ಅವನಿಗೂ ತೋರಸ್ತೇನಿ," ಎನ್ನುತ್ತಿದ್ದ.

ಬಾಕಿನ ಮೇಲೆ ಕೂತ ಹಣಮವ್ವ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಲಾ ಅದನ್ನು ನೋಡಿದಳು.

ಸರದಿ ಬಂದಾಗ ಡಾಕ್ಟರು ಮಾಲಾನನ್ನು ಮಲಗಿಸಿ, ಬಲದೋಳನ್ನು ಪಕ್ಕಕ್ಕೆ ಎತ್ತಿ, ಮುಂಗೈಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದ. ಅವನ ಕಣ್ಣು ತೋಳಿನ ಮೇಲಿರಲಿಲ್ಲ, ಹುಡುಗಿಯ ಮುಖದ ಮೇಲಿತ್ತು. ಅಲ್ಲಿ ಹೆದರಿಕೆ ಕಂಡ ಗಳಿಗೆಯೇ ಕೈ ನಿಲ್ಲಿಸಿದ. ಹಣಮವ್ವನಿಗೆ ಅವನ ಮೇಲೆ ವಿಶ್ವಾಸ ಹುಟ್ಟಿದ್ದು ಆಗಲೇ. ತೋಳು ಸುಳ್ಳು ಹೇಳಬಹುದು, ಮುಖ ಹೇಳುವುದಿಲ್ಲ. ನಲವತ್ತು ವರ್ಷ ಅವಳೂ ಮುಖವನ್ನೇ ನೋಡುತ್ತ ಬಂದವಳು.

"ಎಷ್ಟ ಸಲ ತಪ್ಪೈತಿ?" ಎಂದು ಕೇಳಿದ.

"ಮೂರ ಸಲರಿ," ಎಂದಳು ಮಾಲಾ.

ಹಣಮವ್ವನ ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

"ಯಾರ ಕೂಡಿಸಿದ್ರು?"

"ತಾನ ಕೂಡತಿತ್ತರಿ."

ಡಾಕ್ಟರು ಎಂಆರ್‌ಐ ಮಾಡಿಸಲು ಬಾಗಲಕೋಟೆಗೆ ಕಳಿಸಿದ. ಮರುವಾರ ಆ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಭುಜದ ಕೀಲ ಅಂದ್ರ ಸಣ್ಣ ಬಟ್ಟಲ, ಅದರ ಮ್ಯಾಲ ದೊಡ್ಡ ಗುಂಡ," ಎಂದು ತನ್ನ ಅಂಗೈಯನ್ನು ಬಟ್ಟಲು ಮಾಡಿ ಮುಷ್ಟಿಯನ್ನು ಅದರಲ್ಲಿಟ್ಟು ತೋರಿಸಿದ. "ಬಟ್ಟಲಿನ ಅಂಚಿಗೆ ಮೆತ್ತನ್ನ ಪಟ್ಟಿ ಇರತೈತಿ. ನಿಂದು ಹರದೈತಿ. ಸಣ್ಣ ತೂತಿನಾಗ ದುರ್ಬೀನ್ ಹಾಕಿ ಹೊಲದರ ಆತು. ಅಂಚಿನ ಎಲುಬು ಸವದಂಗ ಸ್ವಲ್ಪ ಅನುಮಾನ ಐತಿ. ಭಾಳ ಸಲ ತಪ್ಪಿದವರಿಗೆ ಹಂಗ ಸವದ ಹೋಗಿರತೈತಿ, ಆವಾಗ ಹೊಲಗಿ ನಿಂದ್ರೂದಿಲ್ಲ, ಮತ್ತ ತಪ್ಪತೈತಿ. ಆದ್ರ ಮೂರ ಸಲಕ್ಕ ಅಷ್ಟ ಸವಿಯಾಂಗಿಲ್ಲ. ಮೂರ ಸಲ ಅಂದೆಲ್ಲಾ?"

"ಹೌದರಿ," ಎಂದಳು ಮಾಲಾ, ನೆಲ ನೋಡುತ್ತ.

ವಾಪಸ್ ಬರುವಾಗ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿತ್ತು.

"ಖರೆ ಯಾಕ ಹೇಳಲಿಲ್ಲ ಬೇ?" ಎಂದು ಹಣಮವ್ವ ಕೇಳಿದಳು.

"ಹೇಳಿದ್ರ ಯಾರ ಕೂಡಿಸಿದ್ರು ಅಂತ ಕೇಳತಾರ. ನಿನ್ನ ಕರಿಸಿ, ಮಂದಿ ಮುಂದ ನಿಂದರಿಸಿ ಬೈತಾರ. ಆ ರೈತನ ಕೈ ನೋಡಿ ಬೈದದ್ದ ಕೇಳಿಸ್ಕೊಂಡಿಲ್ಲೇನ? ನನಗ ತಡಕೊಳ್ಳಾಕ ಆಗಾಂಗಿಲ್ಲ."

"ನನಗ ಬೈದ್ರ ನಾ ತಡಕೋತೇನಿ."

"ಹಂಗಾರ ನೀನ ಹೇಳ."

ಹಣಮವ್ವ ಆಗದೆಂದು ತಲೆಯಾಡಿಸಿದಳು. ಯಾಕೆಂದು ಮಾಲಾಗೂ ಗೊತ್ತಿತ್ತು. ಒಬ್ಬಳು ಅಜ್ಜಿಯ ಮಾನಕ್ಕಾಗಿ ಸುಳ್ಳು ಹೇಳಿದ್ದಳು, ಇನ್ನೊಬ್ಬಳು ಮಾವನ ಮಾತಿಗಾಗಿ ನಿಜ ನುಂಗಿದ್ದಳು. ಇಬ್ಬರ ನಡುವೆ ಬಡವಾದದ್ದು ಆ ತೋಳು.

ಮಾವನ ಮಾತು ಸುಳ್ಳಾದೀತು ಎಂದು ಹಣಮವ್ವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬ್ಯಾರೇಜಿನ ಕೆಲಸದವರು, ಗಾಣದವರು, ಸಾಲೆ ಮಕ್ಕಳು, ಯಾರ್ಯಾರ ಕೈಕಾಲೋ ಅವಳ ಕೈಯಲ್ಲಿ ನೆಟ್ಟಗಾಗಿದ್ದವು. ಆ ಗುಣವೊಂದು ಬಿಟ್ಟರೆ ತನ್ನದು ಅನ್ನುವಂಥದ್ದು ಅವಳಿಗೆ ಬೇರೆ ಏನಿತ್ತು? ಎಣಿಕೆ ಬಾಯಿಂದ ಬಿದ್ದರೆ ಅದು ಹೋಗುತ್ತದೆ. ಬೀಳದಿದ್ದರೆ ಹೊಲಿಗೆ ಹಾಕುತ್ತಾರೆ, ಹೊಲಿಗೆ ಬಿಡುತ್ತದೆ, ಹುಡುಗಿ ಮತ್ತೆ ಯಾರದೋ ಹಟ್ಟಿಯಲ್ಲಿ ಸತ್ತ ಮರಿ ಮುಂದಿಟ್ಟುಕೊಂಡು ಅಳುತ್ತಾಳೆ.

ನಾಲ್ಕು ದಿನ ಯೋಚಿಸಿ ಅವಳು ಒಂದು ಸಂದು ಹುಡುಕಿದಳು. ಮಾವ ಬಾಯಿಬಿಡಬೇಡ ಎಂದಿದ್ದ. ದಾರ ತೋರಿಸಬೇಡ ಎಂದಿರಲಿಲ್ಲ.

ಆಪರೇಷನ್ನಿನ ಮುಂಜಾನೆ ಗೂಟದ ದಾರವನ್ನು ಮಡಚಿ ಸಂಚಿಯಲ್ಲಿಟ್ಟುಕೊಂಡು ಬಂದಳು. ವಾರ್ಡಿನಲ್ಲಿ ನರ್ಸ್ ನಂದಾ ಮಾಲಾನ ಬಳೆ, ಓಲೆ ಬಿಚ್ಚಿಸುತ್ತಿದ್ದಳು.

"ಯವ್ವಾ, ಇದನ್ನ ಡಾಕ್ಟರಿಗೆ ಕೊಡು," ಎಂದು ದಾರ ಮುಂದೆ ಹಿಡಿದಳು.

ನಂದಾ ದಾರ ನೋಡಿದಳು, ಮುದುಕಿಯ ಹಣೆಯ ಅರಿಸಿನ ಭಂಡಾರ ನೋಡಿದಳು. "ದೇವರ ದಾರಾರಿ? ಒಳಗ ನಡೆಯಾಂಗಿಲ್ಲರಿ ಆಯಿ. ಇಲ್ಲೇ ಕಟ್ಟತೇನಿ ತಗೋರಿ, ದೇವರಿಗೆ ಕಾಣತೈತಿ," ಎಂದು ಮಂಚದ ಸರಳಿಗೆ ಮುತುವರ್ಜಿಯಿಂದ ಸುತ್ತಿದಳು.

ಹಣಮವ್ವನಿಗೆ ಅದನ್ನು ಬಿಚ್ಚಲು ಐದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಡಾಕ್ಟರೇ ಬಂದ. ಅವನ ಕಣ್ಣೆದುರು ದಾರವನ್ನು ಉದ್ದಕ್ಕೆ ಹಿಡಿದು ನಿಂತಳು, ಒಂದು ಗಂಟಿನ ಮೇಲೆ ಬೆರಳಿಟ್ಟಳು, ಮುಂದಿನದರ ಮೇಲೆ ಇಟ್ಟಳು. ಅವನು ನಕ್ಕು ದಾರವನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. "ನಿಮ್ಮ ಬೀರಪ್ಪ ನನ್ನ ಕೈಗೂ ಬಲ ಕೊಡಲಿ ಆಯಿ," ಎಂದ. ಒಳ್ಳೆಯ ಹುಡುಗ. ಒಳ್ಳೆಯವರಿಗೆ ಸನ್ನೆ ಮಾಡಿ ತಿಳಿಸುವುದು ಎಷ್ಟು ಕಷ್ಟ ಎಂದು ಹಣಮವ್ವನಿಗೆ ಆಗ ಗೊತ್ತಾಯಿತು.

ಗಾಲಿಮಂಚ ಬಂತು. ಮಾಲಾನನ್ನು ಅದರ ಮೇಲೆ ಮಲಗಿಸಿದರು. ಮಂಪರು ಕೊಡುವ ಡಾಕ್ಟರ್ ಶ್ರೀದೇವಿ ಕಾಗದ ಹಿಡಿದು ಬಂದು, ಹುಡುಗಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತ ಕೇಳಿದಳು: "ರಾತ್ರಿ ಏನ ಉಂಡಿ?"

"ರೊಟ್ಟಿರಿ," ಎಂದಳು ಮಾಲಾ. "ಬ್ಯಾಳಿ..."

ಅಷ್ಟೇ. ಅಂಗಾತ ಮಲಗಿದ ಹುಡುಗಿ, ಹಿಡಿದ ಮಣಿಕಟ್ಟು, ಆ ಪ್ರಶ್ನೆ. ನಲವತ್ತು ವರ್ಷದ ರೂಢಿ ಹಣಮವ್ವನ ಮೈಯಲ್ಲಿ ಎದ್ದು ನಿಂತಿತು. ಆ ಪ್ರಶ್ನೆಗೆ ಉತ್ತರ ಮುಗಿಯುವುದರೊಳಗೆ ಕೀಲು ಕೂಡಬೇಕು. ಆದರೆ ಈ ಸಲ ಕೂಡಿಸುವುದು ಕೈಯ ಕೆಲಸವಾಗಿರಲಿಲ್ಲ.

"ಹತ್ತೊಂಬತ್ತ," ಎಂದಳು.

ಶ್ರೀದೇವಿ ತಿರುಗಿ ನೋಡಿದಳು. "ಹತ್ತೊಂಬತ್ತ ರೊಟ್ಟೀರಿ?"

"ರೊಟ್ಟಿ ಅಲ್ಲಬೇ. ತೋಳು. ಹತ್ತೊಂಬತ್ತ ಸಲ ತಪ್ಪೈತಿ. ಮೂರಲ್ಲ. ಹತ್ತೊಂಬತ್ತೂ ಸಲ ನಾನ ಕೂಡಿಸೇನಿ, ಈ ಕೈಲೆ. ಈಕಿ ನನ್ನ ಸಲುವಾಗಿ ಸುಳ್ಳ ಹೇಳ್ಯಾಳ. ಬೈಯೂದಿದ್ರ ನನಗ ಬೈರಿ, ಹುಡುಗಿಗೆ ಹೊಲಗಿ ಹಾಕಬ್ಯಾಡ್ರಿ."

"ಆಯಿ," ಎಂದಳು ಮಾಲಾ ಗಾಲಿಮಂಚದ ಮೇಲಿಂದ. ಅಜ್ಜಿ ಏನನ್ನು ಬಾಯಿಂದ ಬಿಟ್ಟುಕೊಟ್ಟಳು ಎಂದು ಆ ಕೋಣೆಯಲ್ಲಿ ಅರಿತವಳು ಅವಳೊಬ್ಬಳೇ.

ರಾಹುಲ ಹಣಮವ್ವನ ಕೈಯಿಂದ ದಾರ ತೆಗೆದುಕೊಂಡ. ಹೆಬ್ಬೆರಳ ಉಗುರಿನಿಂದ ಒಂದೊಂದೇ ಗಂಟು ಸವರುತ್ತ ತುದಿಯವರೆಗೆ ಹೋದ. ಮಗ್ಗದ ಮನೆಯಲ್ಲಿ ಬೆಳೆದವನ ಉಗುರು. ಒಂದು ಗಂಟೂ ತಪ್ಪಲಿಲ್ಲ.

"ಇವತ್ತ ಬ್ಯಾಡ," ಎಂದು ದಾರ ವಾಪಸ್ ಕೊಡುತ್ತ ಶ್ರೀದೇವಿಗೆ ಹೇಳಿದ. "ಸಿಟಿ ಸ್ಕ್ಯಾನ್ ಮಾಡಸೂಣು."

ಆಮೇಲೆ ಹಣಮವ್ವನ ಕಡೆ ತಿರುಗಿದ. ಅವಳು ಬೈಸಿಕೊಳ್ಳಲು ನೆಟ್ಟಗೆ ನಿಂತಳು. ಅವನು ದನಿ ಏರಿಸಲಿಲ್ಲ, ಅದಕ್ಕೇ ಆ ಮಾತು ಹೆಚ್ಚು ನಟ್ಟಿತು.

"ನೋವಿಲ್ಲದಂಗ ಕೂಡಿಸೀರಿ ಅಂದ್ರ ನಿಮ್ಮ ಕೈ ಛಲೋ ಐತಿ ಆಯಿ. ಕೂಡಿಸಿದ ಮರುದಿನಾ ಆಟಕ್ಕೋ ಕೆಲಸಕ್ಕೋ ಕಳಿಸಿರತೀರಿ, ಅದ ತಪ್ಪ. ಒಳಗ ಹರದದ್ದು ಕಟ್ಟಿಕೊಳ್ಳಾಕ ದಿನಾ ಬೇಕಿತ್ತು. ಎರಡನೇ ಸಲಕ್ಕ ಇಲ್ಲಿಗೆ ಕರಕೊಂಡ ಬಂದಿದ್ರ ಹೊಲಗಿಯೊಳಗ ಮುಗೀತಿತ್ತ."

"ಹೌದ್ರಿ," ಎಂದಳು ಹಣಮವ್ವ. ವಾದಿಸುವ ಮನಸ್ಸೇ ಬರಲಿಲ್ಲ. ಖರೆ ಮಾತಿಗೆ ಎದುರಾಡುವ ಚಟ ಅವಳಿಗೆ ಮೊದಲಿಂದಲೂ ಇರಲಿಲ್ಲ.

ಸಿಟಿಯ ಚಿತ್ರದಲ್ಲಿ ಬಟ್ಟಲಿನ ಮುಂದಿನ ಅಂಚು ಕಾಲುಭಾಗ ಇರಲಿಲ್ಲ. ಎಡ ಭುಜದ ಬಟ್ಟಲನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ಹಣಮವ್ವನಿಗೂ ಕಂಡಿತು. ಒಂದು ದುಂಡಗಿತ್ತು, ಇನ್ನೊಂದು ಕಚ್ಚಿದ ರೊಟ್ಟಿಯ ಹಾಗಿತ್ತು.

"ನಮ್ಮಪ್ಪ ಮಗ್ಗದಾಗ ಎಳಿ ಹರದ್ರ ಗಂಟ ಹಾಕತಿದ್ದ," ಎಂದ ರಾಹುಲ. "ಒಂದ ಕಡೆ ಹತ್ತ ಸಲ ಹರದ್ರ ಗಂಟ ಹಾಕತಿರಲಿಲ್ಲ. ಹೊಸಾ ಎಳಿ ತಂದ ಸೇರಸತಿದ್ದ. ಇಲ್ಲೂ ಹಂಗ ಮಾಡೂಣು. ಭುಜದ ಮುಂದ ಕೊಕ್ಕಿನಂಥಾ ಸಣ್ಣ ಎಲುಬ ಐತಿ. ಅದರ ತುದಿ ಕೊಯ್ದು, ಅದಕ್ಕ ಹತ್ತಿದ ಸ್ನಾಯು ಸಮೇತ ತಂದು, ಸವದ ಅಂಚಿಗೆ ಇಟ್ಟ ಎರಡ ಸ್ಕ್ರೂ ಬಿಗಿತೇನಿ. ಕೈ ಎತ್ತಿದಾಗ ಆ ಸ್ನಾಯು ಮುಂದ ಪಟ್ಟಿ ಹಂಗ ನಿಂತ ಗುಂಡನ್ನ ತಡೀತೈತಿ. ದುರ್ಬೀನಿಂದಲ್ಲ, ಕೊಯ್ದು ಮಾಡಬೇಕ. ನೂರಕ್ಕ ನಾಕೈದ ಮಂದಿಗೆ ಆದಮ್ಯಾಲೂ ತಪ್ಪತೈತಿ, ಅದನ್ನೂ ಹೇಳಿರತೇನಿ."

ಹಣಮವ್ವ ತಲೆಯಾಡಿಸಿದಳು. "ಹಟ್ಟಿ ಗ್ವಾಡಿ ಬಿದ್ದಲ್ಲೆ ಹಗ್ಗ ಕಟ್ಟಿದ್ರ ಕುರಿ ನಿಂದ್ರೂದಿಲ್ಲ. ಕಲ್ಲ ಇಡಬೇಕ."

"ಅಷ್ಟ ನೋಡ್ರಿ," ಎಂದ ಡಾಕ್ಟರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನೀವು ಹೆಂಗ ಕೂಡಸ್ತೀರಿ, ನನಗೊಮ್ಮೆ ಹೇಳ್ರಿ," ಎಂದು ಕೇಳಿದ. ಅವಳು ಹೇಳಿದಳು. ಮಣಿಕಟ್ಟು, ಇಷ್ಟಿಷ್ಟೇ ಸರಿಸುವುದು, ಊಟದ ಮಾತು. ಅವನು ನಡುವೆ ಎರಡು ಸಲ ನಿಲ್ಲಿಸಿ ಮತ್ತೆ ಕೇಳಿದ.

ಹೋಗಲಿರುವ ವಿದ್ಯೆಯನ್ನು ಯಾರಿಗಾದರೂ ಹೇಳಿಬಿಟ್ಟೆನಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ನಾಲ್ಕು ದಿನದ ಮೇಲೆ ಆಪರೇಷನ್ ಆಯಿತು. ಬಾಗಿಲ ಹೊರಗೆ ಹಣಮವ್ವ ಎರಡು ತಾಸು ತನ್ನ ಕೈಗಳನ್ನು ನೋಡುತ್ತ ಕೂತಳು. ಕೈ ಮೊದಲಿನ ಹಾಗೇ ಇದ್ದವು. ಗುಣ ಹೋದದ್ದು ಹೊರಗೆ ಕಾಣುವುದಿಲ್ಲವೇನೋ. ಹೋದರೆ ಹೋಗಲಿ, ಹುಡುಗಿಯ ತೋಳಿಗಾದರೂ ಅದು ದಕ್ಕಲಿ ಎಂದು ಬೀರಪ್ಪನಿಗೆ ಹೇಳಿಕೊಂಡಳು. ಮಾವನಿಗೂ ಹೇಳಿದಳು, ಅವನಿಗೆ ಹೇಳುವಾಗ ದನಿ ಸ್ವಲ್ಪ ಗಡುಸಾಗಿತ್ತು.

ಆಮೇಲಿನದು ಮುದುಕಿಗೆ ನಿಜವಾದ ಪರೀಕ್ಷೆ. ಜೋಳಿಗೆಯಲ್ಲಿ ಕೈ ಹಾಕಿಕೊಂಡು ಹುಡುಗಿ ಒಂದೂವರೆ ತಿಂಗಳು ಮನೆಯಲ್ಲಿರಬೇಕು, ಡಾಕ್ಟರು ಹೇಳಿದ್ದಷ್ಟನ್ನು ಬಿಟ್ಟು ಏನೂ ಮಾಡಬಾರದು, ಯಾರೂ ತಿಕ್ಕಬಾರದು. ಕೀಲು ಎಂದರೆ ಎಣ್ಣೆ ಎಂದು ನಂಬಿ ಬಂದ ಹಣಮವ್ವನ ಕೈ ತುರಿಸುತ್ತಿತ್ತು. ಓಣಿಯ ಅನಸವ್ವ ಎಳ್ಳೆಣ್ಣೆ ಬಿಸಿ ಮಾಡಿಕೊಂಡೇ ಬಂದುಬಿಟ್ಟಳು.

"ನೀ ತಿಕ್ಕಲಿಲ್ಲಂದ್ರ ನಾ ತಿಕ್ಕತೇನಿ," ಎಂದಳು.

"ಒಳಗ ಕಲ್ಲ ಇಟ್ಟ ಗ್ವಾಡಿ ಕಟ್ಯಾರ. ಹಸಿ ಐತಿ," ಎಂದಳು ಹಣಮವ್ವ. "ನಿನ್ನ ಎಣ್ಣಿ ನನ್ನ ಮೊಣಕಾಲಿಗೆ ಹಚ್ಚು ಬಾ, ಪುಣ್ಯಾ ಬರತೈತಿ."

ದಿನಾ ಮುಂಜಾನೆ ಮಾಲಾನ ಕೂದಲು ಬಾಚುವುದು ಅಜ್ಜಿಯ ಕೆಲಸವಾಯಿತು. ಜೋಳಿಗೆ ಬಿಚ್ಚಿದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುವ ವ್ಯಾಯಾಮ. ಹಣಮವ್ವ ಸುಣ್ಣದ ಗೋಡೆಗೆ ಇದ್ದಿಲಿನಿಂದ ಗೆರೆ ಹಾಕಿ, ಬೆರಳು ಇಂದು ಎಲ್ಲಿಗೆ ಮುಟ್ಟಿತು ಎಂದು ನೋಡುವಳು. ಗೆರೆ ಕೆಲವು ದಿನ ಏರುತ್ತಿತ್ತು, ಕೆಲವು ದಿನ ಹಟ ಮಾಡಿ ಅಲ್ಲೇ ಕೂರುತ್ತಿತ್ತು. ಯುಗಾದಿಯ ಹೊತ್ತಿಗೆ ಹುಡುಗಿ ತನ್ನ ಕೂದಲು ತಾನೇ ಕಟ್ಟಿಕೊಂಡಳು.

ಈ ನಡುವೆ ಕೀಲು ಹಿಡಿದುಕೊಂಡು ಬಂದ ಮೂವರಿಗೆ ಹಣಮವ್ವ ಕೈ ಹಚ್ಚಲಿಲ್ಲ. ಹಾಗೆಂದು ಇಲ್ಲ ಎಂದೂ ಅನ್ನಲಿಲ್ಲ. ಎರಡನೆಯ ಕಟ್ಟಳೆ ಇನ್ನೂ ಇತ್ತಲ್ಲ. ತೋಳನ್ನು ಎದೆಗೆ ಸೇರಿಸಿ ಮೆತ್ತಗೆ ಜೋಳಿಗೆ ಕಟ್ಟಿ, "ಜಮಖಂಡಿಗೆ ನಡೀರಿ, ಹಣಮವ್ವ ಕಳಿಸ್ಯಾಳ ಅನ್ರಿ," ಎನ್ನುತ್ತಿದ್ದಳು. ಯಾಕಜ್ಜಿ, ಏನಾತು ಎಂದರೆ, "ಕೈ ಹೋತಪಾ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಹೇಳುವಾಗ ನೋವಾಗುತ್ತಿತ್ತು. ಆ ನೋವನ್ನು ಯಾರ ಮುಂದೆಯೂ ಮುಚ್ಚಿಡಲಿಲ್ಲ, ಯಾರ ಮುಂದೆಯೂ ಹರವಲಿಲ್ಲ.

ಆರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಮಾಲಾನ ತೋಳೆತ್ತಿ ಹಿಂದಕ್ಕೆ ಬಾಗಿಸಿ ಮುಖ ನೋಡಿದ, ಇನ್ನು ಹಟ್ಟಿಗಳಿಗೆ ಹೋಗಬಹುದು ಎಂದ. ಮಾಲಾ ಹೋದಳು. ಔಷಧ ಕುಡಿಸಿದಳು, ಲಸಿಕೆ ಹಾಕಿಸಿದಳು. ಆದರೆ ಮರಿ ಅಡ್ಡ ಬಂದಿದೆ ಎಂದು ಯಾರಾದರೂ ಕರೆದರೆ ಬೀಳಗಿಯ ದನದ ಡಾಕ್ಟರ ನಂಬರು ಕೊಟ್ಟು ಸುಮ್ಮನಾಗುತ್ತಿದ್ದಳು. ತೋಳು ಗುಣವಾಗಿತ್ತು, ತೋಳಿನ ಮೇಲಿನ ಭರವಸೆ ಇನ್ನೂ ಜೋಳಿಗೆಯಲ್ಲೇ ಇತ್ತು.

ಮಿರಗದ ಮೊದಲ ಮಳೆ ಬಿದ್ದ ಮರುದಿನ ಮಧ್ಯಾಹ್ನ ಕಾಮಣ್ಣ ಬಾಗಿಲಲ್ಲಿ ನಿಂತ. ಅದೇ ಕುರಿ, ಮತ್ತೆ ಅಡ್ಡ ಮರಿ. ದನದ ಡಾಕ್ಟರು ಫೋನ್ ಎತ್ತುತ್ತಿಲ್ಲ.

"ಹೋದ ಸಲದ್ದು ನನ್ನ ಮನಸಿನ್ಯಾಗಿಲ್ಲ ತಂಗಿ," ಎಂದ ಅವನು. "ನೀ ಬಾ. ಆದ್ರ ಆತು, ಇಲ್ಲಂದ್ರ ಇಲ್ಲ."

ಮಾಲಾ ಅಜ್ಜಿಯ ಮುಖ ನೋಡಿದಳು. ಹಣಮವ್ವ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದಳು.

ಹಟ್ಟಿಯಲ್ಲಿ ಮಾಲಾ ಕೈತೊಳೆದು, ಗವಸು ಹಾಕಿ, ಮೊಣಕಾಲೂರಿ ಕೂತಳು. ಕೈ ಒಳಗೆ ಹೋಯಿತು. ಹಣಮವ್ವ ಎದುರಿಗೆ ಕುರಿಯ ತಲೆ ಹಿಡಿದು ಕೂತಿದ್ದಳು. ಅವಳ ಕಣ್ಣು ಕುರಿಯ ಮೇಲಿರಲಿಲ್ಲ. ಮೊಮ್ಮಗಳ ಹಣೆಯಲ್ಲಿ ಬೆವರು, ಕಚ್ಚಿದ ತುಟಿ. ಮೊದಲು ಒಂದು ಕಾಲು ಸಿಕ್ಕಿತು, ಆಮೇಲೆ ಇನ್ನೊಂದು. ಆಗ ಕುರಿ ಹೋದ ಸಲದಂತೆಯೇ ತಿಣುಕಿ ಹೊರ‌ಳಿತು. ಮಾಲಾನ ತೋಳು ಅದರ ಜತೆ ಮೇಲಕ್ಕೆ, ಹಿಂದಕ್ಕೆ ತಿರುಗಿತು. ಹುಡುಗಿಯ ಮುಖದಲ್ಲಿ ಆ ಹಳೆಯ ಹೆದರಿಕೆ ಹಣಿಕಿತು.

ತೋಳು ನಿಂತಿತು. ಎಲ್ಲಿತ್ತೋ ಅಲ್ಲೇ ನಿಂತಿತು. ಮುಖದ ಹೆದರಿಕೆ ಹೋಗಿ ಅಲ್ಲಿ ಸಿಟ್ಟಿನಂಥದ್ದೇನೋ ಬಂತು. "ಬಾ ನಮ್ಮಪ್ಪಾ, ಬಾ," ಎಂದು ಮಾಲಾ ಎಳೆದಳು, ಮರಿ ಜಾರಿ ಕಂಬಳಿಯ ಮೇಲೆ ಬಿತ್ತು. ಮೂಗು ಒರೆಸಿ ತಲೆ ಕೆಳಗಾಗಿ ಹಿಡಿದಾಗ ಅದು ಸೀನಿತು.

ಕಾಮಣ್ಣ ಕೈ ಮುಗಿದ. ಮಾಲಾ ಮಾತ್ರ ಮರಿಯ ಮುಂಗಾಲನ್ನು ನೋಡುತ್ತಿದ್ದಳು. ಎಳೆಯುವಾಗ ಅದರ ಕೀಲು ಸರಿದಿತ್ತು. ಕಾಲು ಹೊರಗೆ ಜೋಲುತ್ತಿತ್ತು.

"ಆಯಿ, ಇದನ್ನ ಹಿಡಿ."

"ನನ್ನ ಕೈ ಹೋಗೇತಿ," ಎಂದಳು ಹಣಮವ್ವ.

"ಹೋಗಿದ್ರ ಗೊತ್ತಾಗತೈತಿ. ಹಿಡಿ."

ಇಲ್ಲ ಎನ್ನಬೇಡ ಎಂದಿದ್ದ ಮಾವ. ಹಣಮವ್ವ ಮರಿಯನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡಳು. ನೆನೆದ ಸಣ್ಣ ಕಾಲು ಅವಳ ಎರಡು ಬೆರಳಿನ ನಡುವೆ ನಡುಗುತ್ತಿತ್ತು. ಇಷ್ಟಿಷ್ಟೇ ಸರಿಸುತ್ತ, ಹುಟ್ಟಿ ಇನ್ನೂ ಒಂದು ಗುಟುಕು ಹಾಲೂ ಕಾಣದ ಆ ಮರಿಗೆ ರೂಢಿಯಿಂದ ಕೇಳಿದಳು: "ರಾತ್ರಿ ಏನ ಉಂಡೀಪಾ?"

ಟಕ್ಕೆಂದಿತು.

ಹಣಮವ್ವನ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು. ಮಾವ ತಪ್ಪು ಹೇಳಿದ್ದನೋ, ಮರೆತು ಕ್ಷಮಿಸಿದನೋ, ಅದನ್ನು ಅವನೇ ಬಲ್ಲ. ಆಮೇಲೆ ಕಾಮಣ್ಣನ ಪಂಚೆಯ ಅಂಚು ಹರಿದು ಮರಿಯ ಕಾಲನ್ನು ಎದೆಗೆ ಸೇರಿಸಿ ಕಟ್ಟಿದಳು.

"ಈಗ ಕೂಡೈತಿ ಅಂತ ನಾಳಿಗೆ ಬಿಚ್ಚೀದಿ ಮತ್ತ," ಎಂದಳು ಅವನಿಗೆ. "ಹದಿನೈದ ದಿನಾ ಬಿಚ್ಚೂದಲ್ಲ. ಕುಣ್ಯಾಕ ಬಿಡೂದಲ್ಲ. ನಾ ಹತ್ತೊಂಬತ್ತ ಸಲ ತಪ್ಪಿ ಕಲ್ತೇನಿ, ನೀ ಒಂದ ಸಲಕ್ಕ ಕಲಿ."

ಮನೆಗೆ ಬಂದ ಮೇಲೆ ಅವಳು ಜಂತಿಯ ಗೂಟ ತೋರಿಸಿದಳು. "ಆ ದಾರ ಇಳಸು."

ಗೂಟ ಎತ್ತರದಲ್ಲಿತ್ತು, ಜಂತಿಯ ಆಚೆ ಮಗ್ಗುಲಲ್ಲಿ. ಅದನ್ನು ಮುಟ್ಟಬೇಕಾದರೆ ತೋಳನ್ನು ಪೂರ್ತಿ ಮೇಲೆತ್ತಿ ಹಿಂದಕ್ಕೆ ಬಾಗಿಸಬೇಕು. ಎಂಟು ವರ್ಷದಿಂದ ಮಾಲಾ ಹೆದರದೆ ಹಾಗೆ ಎತ್ತಿರದ ಕೈ ಅದು. ಹಣಮವ್ವ ದಾರವನ್ನು ನೋಡಲಿಲ್ಲ, ತೋಳನ್ನೂ ನೋಡಲಿಲ್ಲ.

ಮಾಲಾ ಬಲಗೈ ಎತ್ತಿ, ಗೂಟದ ಕಡೆ ತಡಕಾಡುತ್ತ, "ಕಾಮಣ್ಣ ಮಾಲಿಂಗಪುರದ ಬೆಲ್ಲಾ ತಂದಾನಂತ ಆಯಿ, ಚಾಕ್ಕ ಕರದಾನ, ಹೋಗೂಣೇನ?" ಎಂದು ಕೇಳುತ್ತಿದ್ದಳು. ಮುಖದಲ್ಲಿ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ.

ಹಣಮವ್ವ ದಾರ ತೆಗೆದುಕೊಂಡಳು. ಇಪ್ಪತ್ತನೆಯ ಗಂಟಿಗೆಂದು ಬಿಟ್ಟಿದ್ದ ಗೇಣುದ್ದ ತುದಿಯನ್ನು ಕತ್ತರಿಸಿದಳು, ಅದಕ್ಕೆ ಕುರಿಮರಿಯ ಹೆಸರಿನಲ್ಲಿ ಒಂದು ಗಂಟು ಹಾಕಿದಳು. "ಒಂದ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಗೂಟಕ್ಕೆ ಹಾಕಲು ಮೊಮ್ಮಗಳ ಕೈಗೆ ಕೊಟ್ಟಳು. ಹತ್ತೊಂಬತ್ತು ಗಂಟಿನ ಉಳಿದ ದಾರವನ್ನು ಸೆರಗಿಗೆ ಕಟ್ಟಿಕೊಂಡಳು. ಚಹಾ ಕುಡಿದ ಮೇಲೆ ಇಬ್ಬರೂ ಬ್ಯಾರೇಜಿನ ಕಡೆ ನಡೆದರು.